ಮೂವತ್ತು ಗ್ರಾಂ ಮತ್ತು ಒಂದು ಕೊಸರು

ಸಿದ್ದಗಂಗಮ್ಮ ಇವತ್ತಿನವರೆಗೂ ಮೀನನ್ನು ಬಾಯಿಗಿಟ್ಟವರಲ್ಲ. ಕೊರಳಲ್ಲಿ ಲಿಂಗ, ಹಣೆಯ ಮೇಲೆ ವಿಭೂತಿ, ಸೋಮವಾರ ಒಪ್ಪೊತ್ತು. ಆದರೆ ಗುಬ್ಬಿಯಿಂದ ಕುಣಿಗಲ್ಲಿನವರೆಗೆ ಎಷ್ಟು ಹೊಂಡಗಳ ಎಷ್ಟು ಮೀನು ಅವರ ಕೈಯಡುಗೆ ಉಂಡು ಬೆಳೆದಿವೆ ಎಂದು ಎಣಿಸಲು ಕೂತರೆ ನನ್ನಂಥ ಅಳತೆಯ ಮನುಷ್ಯನೂ ಕೈಚೆಲ್ಲಬೇಕು. ತುಮಕೂರಿನ ಅಂತರಸನಹಳ್ಳಿಯಲ್ಲಿ ಮೀನಿನ ಮೇವು ಮಾಡುವ ಒಂದು ಸಣ್ಣ ಕಾರ್ಖಾನೆಯಿದೆ. ಹದಿನಾರು ವರ್ಷದಿಂದ ಅಲ್ಲಿ ಮೇವು ಕಲಸುವವರು ಅವರೇ.

ನಾನು ವೆಂಕಟೇಶಯ್ಯ. ಮೂವತ್ತನಾಲ್ಕು ವರ್ಷ ಪಿಯು ಕಾಲೇಜಿನಲ್ಲಿ ಕೆಮಿಸ್ಟ್ರಿ ಪಾಠ ಹೇಳಿ ನಿವೃತ್ತನಾದವನು. ಆಮೇಲೆ ಮನೆಯಲ್ಲಿ ಕೂತು, ಸಾರಿಗೆ ಉಪ್ಪು ಎಷ್ಟು ಗ್ರಾಂ ಬೀಳುತ್ತಿದೆ ಎಂದು ವಿಚಾರಣೆ ಶುರುಮಾಡಿದಾಗ ನನ್ನ ಹೆಂಡತಿ ಕೌಸಲ್ಯ, "ಎಲ್ಲಾದ್ರೂ ಕೆಲಸಕ್ಕೆ ಹೋಗಿ, ನಿಮಗೆ ಪುಣ್ಯ ಬರುತ್ತೆ" ಎಂದು ಕೈ ಮುಗಿದಳು. ಕಾರ್ಖಾನೆಯ ಮಾಲೀಕ ಸೋಮಶೇಖರ್ ನನ್ನ ಹಳೆಯ ವಿದ್ಯಾರ್ಥಿ. "ಕ್ವಾಲಿಟಿ ನೋಡ್ಕೊಳ್ಳಿ ಸಾರ್" ಎಂದು ಒಂದು ಕೋಣೆ, ಒಂದು ಮೇಜು, ಗ್ರಾಮಿನ ಹತ್ತನೇ ಒಂದು ಪಾಲನ್ನೂ ತೋರಿಸುವ ಒಂದು ತಕ್ಕಡಿ ಕೊಟ್ಟ. ಒಣಮೀನಿನ ವಾಸನೆ ಹೊತ್ತು ಮನೆಗೆ ಬಂದ ನನ್ನ ಅಂಗಿ ಅಂದಿನಿಂದ ಹಿತ್ತಲ ಬಾಗಿಲಾಚೆಯೇ ತೂಗಾಡುತ್ತಿದೆ.

ಮೊದಲ ದಿನವೇ ನನಗೂ ಸಿದ್ದಗಂಗಮ್ಮನಿಗೂ ಸರಿಬರಲಿಲ್ಲ. ಕಡಲೆಕಾಯಿ ಹಿಂಡಿ, ತೌಡು, ಸೋಯಾ, ಜೋಳದ ನುಚ್ಚು, ಒಣಮೀನಿನ ಪುಡಿ ಎಲ್ಲವನ್ನೂ ಅವರು ಸರಿಯಾಗಿಯೇ ತೂಗಿದರು. ತೂಗಿ ಮುಗಿಸಿದ ಮೇಲೆ ಪ್ರತಿಯೊಂದರಿಂದಲೂ ಒಂದೊಂದು ಹಿಡಿ ತೆಗೆದು ಮತ್ತೆ ಹಾಕಿದರು. ನನ್ನ ಮೈಯೆಲ್ಲ ಉರಿದುಹೋಯಿತು.

"ಇದೇನಮ್ಮ ಇದು? ತೂಗಿದ ಮೇಲೆ ಮತ್ತೇನು ಹಿಡಿ?"

"ಕೊಸರು ಸಾರ್."

"ಮೀನೇನು ಕೊಸರು ಕೇಳಿತ್ತಾ?"

"ಬಾಯಿದ್ದೋರಾದ್ರೆ ಕೇಳಿ ಇಸ್ಕೊತಾರೆ. ಅವುಕ್ಕೆ ಬಾಯಿಲ್ವಲ್ಲ, ನಾವೇ ಹಾಕ್ಬೇಕು" ಎಂದರು, ಕಲಸುವ ಕೈ ನಿಲ್ಲಿಸದೆ.

ಸಿದ್ದಗಂಗಮ್ಮನ ತಾಯಿ ಗುಬ್ಬಿ ಸಂತೆಯಲ್ಲಿ ಪುರಿ ಮಾರುತ್ತಿದ್ದರಂತೆ. ಸೇರಿನ ಮೇಲೆ ಗೋಪುರ ಬರುವಂತೆ ಅಳೆದು, ಗಿರಾಕಿಯ ಚೀಲಕ್ಕೆ ಸುರಿದು, ಆಮೇಲೆ ಒಂದು ಹಿಡಿ ಕೊಸರು. "ಅಳತೆ ನ್ಯಾಯ, ಕೊಸರು ಧರ್ಮ" ಎನ್ನುವುದು ಆ ತಾಯಿಯ ಮಾತು. ಪಕ್ಕದಲ್ಲಿ ಕೂತು ಪುರಿ ತುಂಬುತ್ತಿದ್ದ ಮಗಳಿಗೆ ಓದು ಆರನೇ ಕ್ಲಾಸಿಗೆ ನಿಂತಿತು, ಕೊಸರು ನಿಲ್ಲಲಿಲ್ಲ. ಊರ್ಡಿಗೆರೆಗೆ ಮದುವೆಯಾಗಿ ಬಂದರು. ಯಜಮಾನರು ಟೆಂಪೊ ಓಡಿಸುತ್ತಾರೆ. ಎರಡು ಮಕ್ಕಳ ಓದಿಗೆಂದು ಕೆಲಸ ಹುಡುಕಿದಾಗ ಸಿಕ್ಕಿದ್ದು ಈ ಕಾರ್ಖಾನೆ.

ಒಣಮೀನಿನ ಪುಡಿಯ ಚೀಲ ಬಿಚ್ಚಿದ ಮೊದಲ ದಿನ ಮೂರು ಸಲ ವಾಂತಿ ಮಾಡಿಕೊಂಡರಂತೆ. ಮನೆಯಲ್ಲಿ ಅತ್ತೆ, "ಲಿಂಗ ಕಟ್ಕೊಂಡು ಮೀನು ಮುಟ್ಟೋಕೋಯ್ತೀಯೇನೇ?" ಎಂದು ಎರಡು ದಿನ ಮಾತು ಬಿಟ್ಟರು. ಅದಕ್ಕೆ ಸಿದ್ದಗಂಗಮ್ಮ ಕೊಟ್ಟ ಉತ್ತರ ಕಾರ್ಖಾನೆಯಲ್ಲಿ ಈಗಲೂ ಹೊಸಬರಿಗೆಲ್ಲ ಗೊತ್ತು. "ನಾನು ತಿನ್ನೋಕೆ ಹೋಯ್ತಿಲ್ಲ ಅತ್ತೆ, ಉಣ್ಸೋಕೆ ಹೋಯ್ತಿದೀನಿ. ಮಠದ ದಾಸೋಹಕ್ಕೆ ಬಂದೋರ್ನ ನೀನು ಮನೇಲಿ ಏನ್ ತಿಂತೀಯ ಅಂತ ಕೇಳ್ಬುಟ್ಟು ಬಡಿಸ್ತಾರ?" ಸಂಜೆ ಐದೂವರೆಗೆ ಕಾರ್ಖಾನೆಯ ಬಚ್ಚಲಲ್ಲೇ ಸ್ನಾನ ಮಾಡಿ, ಸೀರೆ ಬದಲಿಸಿ, ಹೊಸದಾಗಿ ವಿಭೂತಿ ಹಚ್ಚಿಕೊಂಡು, ಹೆಲ್ಮೆಟ್ ಹಾಕಿ ಟಿವಿಎಸ್ ಹತ್ತಿ ಹೊರಡುತ್ತಾರೆ. ಅವರ ಬಳಿ ಮೀನಿನ ವಾಸನೆ ಸುಳಿಯುವುದಿಲ್ಲ, ನನ್ನ ಅಂಗಿಯ ಕಥೆ ಆಗಲೇ ಹೇಳಿದೆ.

ಅವರ ಮೂಗಿನ ಮುಂದೆ ನನ್ನ ಡಿಗ್ರಿ ಒಮ್ಮೆ ಸೋತಿದೆ. ಹಿಂಡಿಯ ಲೋಡು ಬಂದಿತ್ತು. ನಾನು ತೇವಾಂಶ ನೋಡಿ ಸರಿಯಿದೆ ಎಂದೆ. ಅವರು ಒಂದು ಹಿಡಿ ಉಜ್ಜಿ, ಮೂಸಿ, "ಬ್ಯಾಡ ಸಾರ್, ಇದು ಒಳಗೇ ಬೂಷ್ಟು ಕಟ್ಟೈತೆ" ಎಂದರು. ಬಯ್ದೆ. ಅವರು ಜಗ್ಗಲಿಲ್ಲ, ಆ ಚೀಲಗಳನ್ನು ಮುಟ್ಟಲೂ ಇಲ್ಲ. ನನ್ನ ಮಾತೇ ಗೆಲ್ಲಲಿ ಎಂದು ಹಟಕ್ಕೆ ಬಿದ್ದು ಬೆಂಗಳೂರಿನ ಲ್ಯಾಬಿಗೆ ಕಳಿಸಿದೆ. ಎಂಟು ದಿನಕ್ಕೆ ರಿಪೋರ್ಟ್ ಬಂತು: ಬೂಷ್ಟಿನ ವಿಷ ಇದೆ, ಬಳಸಬಾರದು. ರಿಪೋರ್ಟನ್ನು ಅವರಿಗೆ ಓದಿ ಹೇಳಿದಾಗ, "ಪಾಪ, ಅಷ್ಟ್ ದೂರ ಕಳ್ಸಿದ್ರಾ?" ಎಂದರು. ಕೊಂಕು ಇತ್ತೋ ಇಲ್ಲವೋ ಇಂದಿಗೂ ನನಗೆ ಗೊತ್ತಾಗಿಲ್ಲ. ಅಂದಿನಿಂದ ಅವರ ಕೊಸರಿನ ವಿಷಯ ಎತ್ತುವುದನ್ನು ಬಿಟ್ಟೆ. ಕ್ವಿಂಟಾಲ್ ಮೇವಿನಲ್ಲಿ ಒಂದು ಹಿಡಿ ತೌಡು ಹೆಚ್ಚಾದರೆ ಯಾವ ಮೀನೂ ಕೋರ್ಟಿಗೆ ಹೋಗುವುದಿಲ್ಲ.

ಮೇವಿಗೆ ಖನಿಜದ ಪುಡಿಯನ್ನೂ ಬೆರೆಸುತ್ತಿದ್ದೆವು. ಹಸುವಿಗೆ ಹಾಕುವ ಮಿನರಲ್ ಮಿಕ್ಸ್‌ಚರ್ ಇದೆಯಲ್ಲ, ಆ ಜಾತಿಯದು. ಕ್ವಿಂಟಾಲಿಗೆ ಎರಡು ಕೇಜಿ, ಮೇಲೊಂದು ಕೊಸರು. ಎಲ್ಲ ಚೆನ್ನಾಗಿಯೇ ನಡೆದಿತ್ತು, ಹೋದ ವರ್ಷ ಆ ಕೆಂಪು ಪುಡಿಯ ಡಬ್ಬ ಬರುವವರೆಗೆ.

ಅದು ನ್ಯಾನೊ ಸೆಲೆನಿಯಂ. ಸೆಲೆನಿಯಂ ಎಂಬ ಖನಿಜವನ್ನು ಎಷ್ಟು ಸಣ್ಣ ಕಣ ಮಾಡಿರುತ್ತಾರೆಂದರೆ ಒಂದು ಕೂದಲಿನ ದಪ್ಪದಲ್ಲಿ ಸಾವಿರ ಕಣ ಸಾಲಾಗಿ ನಿಲ್ಲಬಹುದು. ಅಷ್ಟು ಸಣ್ಣದಾದ್ದರಿಂದ ಮೀನಿನ ಮೈಗೆ ಬೇಗ ಹತ್ತುತ್ತದೆ, ಸ್ವಲ್ಪವೇ ಸಾಕು. ಬೆಳವಣಿಗೆಗೆ ಒಳ್ಳೆಯದು, ರೋಗ ತಡೆದುಕೊಳ್ಳಲು ಒಳ್ಳೆಯದು. ಆದರೆ ಈ ಸೆಲೆನಿಯಂ ಮೊದಲೇ ಎರಡು ಬಾಯಿಯ ಕತ್ತಿ. ಮೈಗೆ ಬೇಕಾದಷ್ಟಕ್ಕೂ ವಿಷವಾಗುವಷ್ಟಕ್ಕೂ ನಡುವೆ ಜಾಗ ಬಲು ಕಿರಿದು. ತೌಡಿನಂಥ ಪುಡಿಯಲ್ಲಿ ಬೆರೆಸಿ ಕೇಜಿ ಡಬ್ಬದಲ್ಲಿ ಕಳಿಸಿದ್ದರು. ನಮ್ಮ ಅಳತೆ ಕ್ವಿಂಟಾಲ್ ಮೇವಿಗೆ ಮೂವತ್ತು ಗ್ರಾಂ.

ಕುಣಿಗಲ್ ದಾಟಿ ಮೂರು ಕಿಲೋಮೀಟರಿನಲ್ಲಿ ಅಂಜನಮೂರ್ತಿ ಎಂಬ ರೈತನ ಹೊಂಡವಿದೆ. ತಿಲಾಪಿಯ ಸಾಕಿದ್ದ, ನಮ್ಮ ಜನ ಜಿಲೇಬಿ ಎಂದು ಕರೆಯುವ ಮೀನು. ನಾಲ್ಕು ಸಾವಿರ ಮರಿ, ಅವನ ಮೊದಲ ಬೆಳೆ. ಹೊಸ ಮೇವನ್ನು ಮೊದಲು ಅವನೊಬ್ಬನಿಗೇ ಕೊಟ್ಟು ನೋಡುವುದು, ಚೆನ್ನಾಗಿ ಬಂದರೆ ಜಿಲ್ಲೆಗೆಲ್ಲ ಮಾರುವುದು ಎಂದು ಸೋಮಶೇಖರ್ ಲೆಕ್ಕ ಹಾಕಿದ್ದ.

ಡಬ್ಬ ಬಂದ ದಿನ ಕಲಸುವ ಕೋಣೆಯಲ್ಲಿ ನಾನು ಮುಕ್ಕಾಲು ಗಂಟೆ ಉಪನ್ಯಾಸ ಕೊಟ್ಟೆ. ಪರಮಾಣು, ಕಣ, ಕೂದಲು, ಜೀವಕೋಶ, ಒಂದನ್ನೂ ಬಿಡಲಿಲ್ಲ. ಕರಿಹಲಗೆಯ ಮೇಲೆ ದೊಡ್ಡದಾಗಿ "೩೦ ಗ್ರಾಂ" ಎಂದು ಬರೆದೆ. ಸಿದ್ದಗಂಗಮ್ಮ ಶ್ರದ್ಧೆಯಿಂದ ಕೇಳಿಸಿಕೊಂಡರು. ಮುಚ್ಚಳ ತೆಗೆದು, "ಕುಂಕುಮ ಇದ್ದಂಗೈತೆ" ಎಂದರು. ಮೂವತ್ತು ಗ್ರಾಂ ತೂಗಿದರು. ಅದನ್ನು ನೇರವಾಗಿ ಮಿಕ್ಸರಿಗೆ ಸುರಿಯದೆ, ಮೊದಲು ಒಂದು ಬೋಗುಣಿ ತೌಡಿನಲ್ಲಿ ಉಜ್ಜಿ, ಅದನ್ನು ಒಂದು ಪುಟ್ಟಿ ತೌಡಿಗೆ ಬೆರೆಸಿ, ಎಲ್ಲ ಕಡೆಗೂ ಸಮನಾಗಿ ಹರಡುವ ಹಾಗೆ ಮಾಡಿಕೊಂಡರು. ಇದನ್ನು ನಾನು ಹೇಳಿಕೊಟ್ಟಿರಲಿಲ್ಲ. ನಾನು ಹೊರಡುವಾಗ ಹಿಂದಿನಿಂದ ಕೇಳಿದರು.

"ಸಾರ್, ಇದಕ್ಕೆ ಕೊಸರು ಎಷ್ಟು ಹಾಕ್ಲಿ?"

ನನ್ನ ಕೈಯಲ್ಲಿ ಫೋನಿತ್ತು. ಯಾವನೋ ಹಳೆಯ ಸಹೋದ್ಯೋಗಿ ಕಳಿಸಿದ ಹುಟ್ಟುಹಬ್ಬದ ಶುಭಾಶಯ ಓದುತ್ತಿದ್ದೆ. ತಮಾಷೆಗೆ ಕೇಳುತ್ತಿದ್ದಾರೆ ಎಂದುಕೊಂಡು ನಗುತ್ತಾ, "ನಿಮ್ಮಿಷ್ಟ ಕಣಮ್ಮ" ಎಂದೆ.

ಮೂವತ್ತನಾಲ್ಕು ವರ್ಷ ಪಾಠ ಹೇಳಿದವನು ಒಂದು ಪ್ರಶ್ನೆಗೆ ಉತ್ತರ ಕೊಟ್ಟ ರೀತಿ ಇದು. ಮೂವತ್ತು ಗ್ರಾಂ ಯಾಕೆ ಎಂದು ಮುಕ್ಕಾಲು ಗಂಟೆ ಹೇಳಿದ್ದೆ. ಮೂವತ್ತಕ್ಕಿಂತ ಹೆಚ್ಚು ಯಾಕೆ ಕೂಡದು ಎಂದು ಅರ್ಧ ನಿಮಿಷವೂ ಹೇಳಿರಲಿಲ್ಲ.

ಇಪ್ಪತ್ತೈದು ದಿನದ ಮೇಲೆ ಅಂಜನಮೂರ್ತಿಯ ಫೋನು ಬಂತು. ಮೀನು ಮೇವು ತಿನ್ನುತ್ತಿಲ್ಲ, ಹಾಕಿದ್ದೆಲ್ಲ ಹಾಗೆಯೇ ತೇಲುತ್ತಿದೆ, ಮೂರು ದಿನದಿಂದ ದಿನಕ್ಕೆ ಹತ್ತು ಹದಿನೈದು ಸಾಯುತ್ತಿವೆ ಎಂದ. ಸೋಮಶೇಖರ್ ನನ್ನನ್ನು ಕೋಣೆಗೆ ಕರೆದ. "ಅವನ ನೀರೇ ಸರಿ ಇರಲ್ಲ ಸಾರ್. ಹೋಗಿ ನೋಡಿ, ನೀರಿನದೇ ತಪ್ಪು ಅಂತ ಹೇಳ್ಬಿಟ್ಟು ಬನ್ನಿ" ಎಂದ. ನೋಡುವ ಮೊದಲೇ ತೀರ್ಪು ಬರೆದು ಕೊಟ್ಟ ಹಾಗಾಯಿತು. ಅದು ನನಗೂ ಹಿತವಾಗಿಯೇ ಇತ್ತು.

ನೀರು ಪರೀಕ್ಷೆಯ ಪೆಟ್ಟಿಗೆ ಹಿಡಿದು ಮೇವಿನ ಟೆಂಪೊ ಹತ್ತುವಾಗ ಸಿದ್ದಗಂಗಮ್ಮ ಓಡಿಬಂದರು. ಕೈಯಲ್ಲಿ ಬುತ್ತಿ.

"ನಾನೂ ಬತ್ತೀನಿ ಸಾರ್. ನನ್ನ ಕೈಲಿ ಕಲ್ಸಿದ್ದು, ತಿನ್ನಾಕಿಲ್ಲ ಅಂದ್ರೆ ಏನರ್ಥ?"

ಹದಿನಾರು ವರ್ಷದಲ್ಲಿ ಯಾರೂ ಹೀಗೆ ದೂರಿರಲಿಲ್ಲ. ದಾರಿಯುದ್ದಕ್ಕೂ ಅವರು, ಅಡುಗೆ ಚೆನ್ನಾಗಿಲ್ಲವೆಂದು ಎಲೆ ಬಿಟ್ಟು ಎದ್ದ ನೆಂಟರ ಮನೆಗೆ ಹೊರಟವರ ಹಾಗೆ ಕೂತಿದ್ದರು.

ಹೊಂಡದ ಏರಿಯ ಮೇಲೆ ಅಂಜನಮೂರ್ತಿ ನಿಂತಿದ್ದ. ಮೂವತ್ತೈದು ದಾಟಿರದ ಗಂಡಾಳು, ಕಣ್ಣು ಗುಳಿ ಬಿದ್ದಿತ್ತು. ಅಂಚಿನಲ್ಲಿ ಕೆಲವು ಮೀನು ಮಂಕಾಗಿ ಸುತ್ತುತ್ತಿದ್ದವು. ಒಂದು ಬುಟ್ಟಿಯಲ್ಲಿ ಅಂದು ಸತ್ತವನ್ನು ಹಾಕಿಟ್ಟಿದ್ದ. ನಾನು ನೀರು ತೆಗೆದು ಅದನ್ನು ನೋಡಿದೆ, ಇದನ್ನು ನೋಡಿದೆ. ನಿಜ ಹೇಳಬೇಕೆಂದರೆ ನೀರಿನಲ್ಲಿ ದೋಷವೇನೂ ಕಾಣಲಿಲ್ಲ. ಆದರೂ ಗಂಟಲು ಸರಿಮಾಡಿಕೊಂಡು, "ನೀರು ಸ್ವಲ್ಪ ಹುಳಿ ತಿರುಗಿದೆ. ಸುಣ್ಣ ಹಾಕಿ ನೋಡಿ" ಎಂದೆ. ಇದನ್ನು ಬರೆಯುವಾಗ ನಾಚಿಕೆಯಾಗುತ್ತಿದೆ.

ಸಿದ್ದಗಂಗಮ್ಮ ನನ್ನ ಮಾತು ಕೇಳಿಸಿಕೊಂಡರೂ ಲಕ್ಷ್ಯ ಕೊಡಲಿಲ್ಲ. ನೀರಿನ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂತು, ತೇಲುತ್ತಿದ್ದ ಮೇವಿನ ಕಾಳೊಂದನ್ನು ಎತ್ತಿ, ಹಿಚುಕಿ, ಮೂಸಿದರು. ಹಿಂಡಿ ಸರಿ, ತೌಡು ಸರಿ, ಸೋಯಾ ಸರಿ ಎಂದು ಒಂದೊಂದಾಗಿ ತಮ್ಮಷ್ಟಕ್ಕೆ ಹೇಳಿಕೊಂಡರು. ಆಮೇಲೆ ತಲೆ ಎತ್ತಿದರು.

"ಸಾರ್, ಆ ಕೆಂಪು ಪುಡಿ ಜಾಸ್ತಿ ಆದ್ರೆ ಏನಾಯ್ತದೆ?"

"ಜಾಸ್ತಿ ಹೇಗಾಗುತ್ತಮ್ಮ? ಮೂವತ್ತು ಗ್ರಾಂ ತೂಗೇ ತಾನೆ ಹಾಕೋದು?"

"ತೂಗೇ ಹಾಕ್ತೀನಿ. ಆಮೇಕೆ ಕೊಸರು."

ನಿಂತಲ್ಲೇ ಮನಸ್ಸಿನಲ್ಲಿ ಲೆಕ್ಕ ಹಾಕಿದೆ. ಅವರ ಒಂದು ಹಿಡಿಯೆಂದರೆ ತೊಂಬತ್ತು ಗ್ರಾಂ. ಮೂವತ್ತರ ಜಾಗದಲ್ಲಿ ನೂರಿಪ್ಪತ್ತು ಬಿದ್ದಿದೆ. ಮೂವತ್ಮೂರು ಕ್ವಿಂಟಾಲಿಗೆ ಬರಬೇಕಾದ ಡಬ್ಬ ಎಂಟು ಕ್ವಿಂಟಾಲಿಗೇ ತಳ ಕಂಡಿದೆ. ಅದು ಕಲಸುವ ಕೋಣೆಯ ಕಿಟಕಿಯಲ್ಲೇ ಕೂತಿತ್ತು. ಕ್ವಾಲಿಟಿ ನೋಡುವ ಮಹಾಶಯ ಒಂದು ದಿನವೂ ಅದರ ಮುಚ್ಚಳ ತೆಗೆದು ನೋಡಿರಲಿಲ್ಲ.

"ನಾಲ್ಕು ಪಟ್ಟಾಯಿತು. ವಿಷ ಆಗುತ್ತೆ" ಎಂದು ಮೆಲ್ಲಗೆ ಹೇಳಿದೆ. ಅಂಜನಮೂರ್ತಿ ಹತ್ತು ಹೆಜ್ಜೆ ದೂರದಲ್ಲಿದ್ದ. "ಈಗ ಸುಮ್ನಿರಿ, ಫ್ಯಾಕ್ಟರಿಗೆ ಹೋಗಿ ಮಾತಾಡೋಣ" ಎಂದೂ ಸೇರಿಸಿದೆ.

ಅವರು ಎದ್ದರು. ಸೆರಗಿಗೆ ಕೈ ಒರೆಸಿಕೊಂಡರು. ನನ್ನನ್ನು ದಾಟಿಕೊಂಡು ನೇರವಾಗಿ ಆ ರೈತನ ಮುಂದೆ ಹೋಗಿ ನಿಂತರು.

"ಅಪ್ಪಾ, ನಿನ್ ನೀರಲ್ಲಿ ಏನೂ ಇಲ್ಲ. ಸುಣ್ಣಗಿಣ್ಣ ಹಾಕ್ಬ್ಯಾಡ. ಫೀಡಲ್ಲಿ ಪುಡಿ ಜಾಸ್ತಿ ಆಗ್ಬುಟ್ಟೈತೆ. ಇನ್ನೊಂದು ಕಾಳೂ ಹಾಕ್ಬ್ಯಾಡ."

"ಯಾರಕ್ಕ ಹಾಕ್ದೋರು?"

"ನಾನೇ. ಕೈ ನಂದು."

ಅಂಜನಮೂರ್ತಿ ಬಾಯಿಗೆ ಬಂದದ್ದು ಆಡಿದ. ಆಡುವುದು ಅವನ ಹಕ್ಕಾಗಿತ್ತು. ಸಿದ್ದಗಂಗಮ್ಮ ತಲೆ ತಗ್ಗಿಸದೆ ಪೂರ್ತಿ ಕೇಳಿಸಿಕೊಂಡರು. ಅವನಿಗೆ ಉಸಿರು ಕಟ್ಟಿದಾಗ, "ಮಿಕ್ಕಿರೋ ಮೂಟೆ ಎಷ್ಟವೆ? ಟೆಂಪೊಗೆ ಹಾಕು, ವಾಪಸ್ ತಕಂಡೋಯ್ತೀನಿ. ನಾಳಿಕೆ ಬರೀ ಹಿಂಡಿ, ತೌಡಿಂದು ಕಲ್ಸಿ ಕಳುಸ್ತೀನಿ" ಎಂದರು. ಹೊಂಡದ ಕಾಲುಭಾಗ ನೀರು ತೆಗೆದು ಹೊಸ ನೀರು ಬಿಡುವಂತೆ ನಾನು ಹೇಳಿದೆ. ಆ ದಿನ ನನ್ನ ಬಾಯಿಂದ ಬಂದ ಒಂದೇ ಸರಿಯಾದ ಮಾತು ಅದು.

ವಾಪಸಾಗುವಾಗ ಕೇಳಿದೆ, "ನಾನು 'ನಿಮ್ಮಿಷ್ಟ' ಅಂದಿದ್ದೆನಲ್ಲ, ಅದನ್ನ ಯಾಕೆ ಹೇಳಲಿಲ್ಲ?"

"ಅವ್ನು ಕೇಳಿದ್ದು ಯಾರು ಹಾಕಿದ್ದು ಅಂತ ಸಾರ್. ಯಾರು ಏನಂದ್ರು ಅಂತ ಕೇಳ್ಲಿಲ್ವಲ್ಲ" ಎಂದು ಬುತ್ತಿ ಬಿಚ್ಚಿದರು. ಎರಡು ರೊಟ್ಟಿಯಲ್ಲಿ ಒಂದನ್ನು ನನ್ನ ಕೈಗಿಟ್ಟರು.

ಸೋಮಶೇಖರ್ ಕೂಗಾಡಿದ. ಮೀನು ಸತ್ತದ್ದಕ್ಕಿಂತ ಒಪ್ಪಿಕೊಂಡು ಬಂದದ್ದಕ್ಕೇ ಅವನಿಗೆ ಹೆಚ್ಚು ಸಿಟ್ಟು. "ಅಷ್ಟು ಜನದ ಮುಂದೆ ಬಾಯಿ ಬಿಡು ಅಂತ ಯಾರು ಹೇಳಿದ್ರು ನಿಮಗೆ?" ಎಂದ. "ಒಬ್ನೇ ಇದ್ದ ಸಾರ್" ಎಂದರು ಸಿದ್ದಗಂಗಮ್ಮ. ಅವರನ್ನು ಕಲಸುವ ಕೋಣೆಯಿಂದ ತೆಗೆದು ಮೂಟೆಯ ಬಾಯಿ ಹೊಲಿಯುವ ಕಡೆಗೆ ಹಾಕಿದ. ಕಲಸುವುದಕ್ಕೆ ಕದರಯ್ಯ ಎಂಬವನನ್ನು ತಂದ. ತಿಂಗಳ ಕೊನೆಗೆ ಅವರನ್ನು ಪೂರ್ತಿ ಬಿಡಿಸುವ ಮಾತೂ ಕಿವಿಗೆ ಬಿತ್ತು. ಎದುರಿಗೇ ಇದ್ದ ನಾನು ನನ್ನ ತಕ್ಕಡಿಯನ್ನು ಬಟ್ಟೆಯಿಂದ ಒರೆಸುತ್ತಾ ನಿಂತಿದ್ದೆ.

ಹನ್ನೊಂದು ದಿನ ಹಾಗೆಯೇ ಒರೆಸಿದೆ. ಹೇಳಬೇಕು ಎಂದು ದಿನವೂ ಹೊರಡುತ್ತಿದ್ದೆ, ಹೇಳದೆ ದಿನವೂ ಬರುತ್ತಿದ್ದೆ. ಮೇಷ್ಟ್ರಾದವನಿಗೆ ತನ್ನ ವಿದ್ಯಾರ್ಥಿಯ ಮುಂದೆ ತಪ್ಪು ಒಪ್ಪಿಕೊಳ್ಳುವುದು ಎಷ್ಟು ಕಷ್ಟವೆಂದು ಮೇಷ್ಟ್ರಾಗದವರಿಗೆ ತಿಳಿಯುವುದಿಲ್ಲ. ಕೌಸಲ್ಯಳಿಗೆ ಎಲ್ಲ ಹೇಳಿದ್ದೆ. ಆಕೆ ನಾಲ್ಕನೇ ದಿನ "ಹೇಳಿದ್ರಾ?" ಎಂದಳು, ಹತ್ತನೇ ದಿನ ತಟ್ಟೆಗೆ ಅನ್ನ ಬಡಿಸುತ್ತಾ, "ಸಾರಿಗೆ ಉಪ್ಪು ಜಾಸ್ತಿ ಆದ್ರೆ ಮನೆಯೆಲ್ಲ ಕೇಳೋ ಹಾಗೆ ಕೂಗ್ತೀರಿ. ಈಗ ಹೇಳೋಕೆ ಏನು ದಾಡಿ?" ಎಂದಳು. ನಾನು ಉಂಡು ಎದ್ದೆ.

ಸಿದ್ದಗಂಗಮ್ಮ ಮಾತ್ರ ಮೂಟೆ ಹೊಲಿಯುವುದನ್ನೂ ಅಚ್ಚುಕಟ್ಟಾಗಿ ಹೊಲಿದರು. ಮುಖ ಬಾಡಿತ್ತು, ಕೈ ಬಾಡಿರಲಿಲ್ಲ. ಕುಣಿಗಲ್ಲಿಗೆ ಕಳಿಸುವ ಸಾದಾ ಮೇವನ್ನು ಮಾತ್ರ ಕದರಯ್ಯನ ಪಕ್ಕದಲ್ಲಿ ನಿಂತು ತಾವೇ ಕಲಸಿದರು. ಮೊದಲ ಭಾನುವಾರ ಒಬ್ಬರೇ ಟಿವಿಎಸ್ ಓಡಿಸಿಕೊಂಡು ಹೊಂಡಕ್ಕೆ ಹೋಗಿ ಬಂದರು. "ಅರ್ಧ ತಿಂದೊ ಸಾರ್" ಎಂದು ಸೋಮವಾರ ನನಗೆ ವರದಿ ಕೊಟ್ಟರು, ನಾನು ಕೇಳದೆ. ಎರಡನೇ ಭಾನುವಾರ ನಾನೂ ಬಸ್ ಹತ್ತಿ ಕುಣಿಗಲ್ಲಿಗೆ ಹೋದೆ. ಯಾಕೆ ಹೊರಟೆ ಎಂದು ಹೆಂಡತಿ ಕೇಳಲಿಲ್ಲ. ತಾನಾಗಿ ಕೊಡೆ ತಂದುಕೊಟ್ಟಳು.

ನಾನು ತಲುಪಿದಾಗ ಸಿದ್ದಗಂಗಮ್ಮ ಏರಿಯ ಮೇಲೆ ಮೇವಿನ ಬಕೆಟ್ ಹಿಡಿದು ನಿಂತಿದ್ದರು. ಸಾವು ನಿಂತು ಐದು ದಿನವಾಯಿತು ಎಂದು ಅಂಜನಮೂರ್ತಿ ಹೇಳಿದ. ಎಲ್ಲ ಸೇರಿ ನೂರಕ್ಕೆ ಸ್ವಲ್ಪ ಮೇಲೆ ಹೋಗಿದ್ದವು, ಉಳಿದವು ಉಳಿದಿದ್ದವು. ಸಿದ್ದಗಂಗಮ್ಮ ಒಂದು ಹಿಡಿ ತೆಗೆದು ಬೀಸಿ ಎರಚಿದರು. ಒಂದು ಕ್ಷಣ ಏನೂ ಆಗಲಿಲ್ಲ. ಆಮೇಲೆ ನೀರು ಕುದಿಯತೊಡಗಿತು. ಬಾಯಿ, ಬಾಲ, ಬೆನ್ನು, ಒಂದರ ಮೇಲೊಂದು ಬಿದ್ದು, ಎರಚಿದಲ್ಲೆಲ್ಲ ಮೀನು. ಅವರು ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕರು. ಹದಿನಾರು ವರ್ಷ ಬಡಿಸಿದವರು ಉಣ್ಣುವವರನ್ನು ಕಣ್ತುಂಬ ನೋಡಿದ್ದು ಅದೇ ಮೊದಲು.

"ಅಬ್ಬಬ್ಬಾ, ನೋಡಿದ್ರಾ ಸಾರ್, ಬಾಯಿಲ್ಲ ಅಂತಿದ್ನಲ್ಲ ಇವುಕ್ಕೆ! ಎಷ್ಟ್ ದೊಡ್ ಬಾಯಿ!"

ಅಂಜನಮೂರ್ತಿ ಹತ್ತಿರ ಬಂದ. "ಅಕ್ಕ, ಅವತ್ತು ತಡೀನಾರದೆ ಬಯ್ದೆ, ಮನಸ್ಗೆ ಹಾಕಬ್ಯಾಡಿ. ನೀವು ಸುಮ್ಕೆ ಹೋಗಿದ್ರೆ ನಾನು ಸುಣ್ಣ ಹಾಕ್ಕೊಂಡು, ಅದೇ ಫೀಡು ಹಾಕ್ಕೊಂಡು, ಒಂದೂ ಉಳುಸ್ಕೊತಿರ್ಲಿಲ್ಲ" ಎಂದ.

ಸುಣ್ಣದ ಮಾತು ಕೇಳಿದ ಮೇಲೆ ನನಗೆ ತಡೆಯಲಾಗಲಿಲ್ಲ. "ಸುಣ್ಣ ಹೇಳಿದವನು ನಾನಪ್ಪ. ಆಯಮ್ಮ ಕೊಸರು ಎಷ್ಟು ಅಂತ ನನ್ನನ್ನ ಕೇಳಿಯೇ ಹಾಕಿದ್ದು. ನಿಮ್ಮಿಷ್ಟ ಅಂದವನೂ ನಾನೇ" ಎಂದುಬಿಟ್ಟೆ. ಅವನು ನನ್ನನ್ನು ನೋಡಿದ, ಅವರನ್ನು ನೋಡಿದ. ಸಿದ್ದಗಂಗಮ್ಮ ಬಕೆಟನ್ನು ನನ್ನ ಕೈಗೆ ಕೊಟ್ಟು, "ನೀವೂ ಒಂದ್ ಹಿಡಿ ಹಾಕಿ ಸಾರ್" ಎಂದರು. ಹಾಕಿದೆ. ನನ್ನ ಕೈಯ ಮೇವನ್ನೂ ಮೀನು ತಿಂದವು.

ಸೋಮವಾರ ಬೆಳಿಗ್ಗೆ ಸೋಮಶೇಖರನ ಕೋಣೆಗೆ ಹೋಗಿ ಎಲ್ಲ ಹೇಳಿದೆ. ಡಬ್ಬದ ಮುಚ್ಚಳ ತೆಗೆದು ನೋಡದಿದ್ದುದನ್ನೂ ಬಿಡಲಿಲ್ಲ. ಅವನು ಮೇಜಿನ ಮೇಲಿದ್ದ ಪೇಪರ್‌ವೆಯ್ಟ್ ತಿರುಗಿಸಿದ.

"ಸಾರ್, ಪ್ರಾಕ್ಟಿಕಲ್ಸಲ್ಲಿ ಅರ್ಧ ಎಂಎಲ್ ಆಸಿಡ್ ಜಾಸ್ತಿ ಹಾಕಿದ್ದಕ್ಕೆ ನನ್ನ ಎರಡು ದಿನ ಹೊರಗೆ ನಿಲ್ಲಿಸಿದ್ರಿ. ನೆನಪಿದೆಯಾ?"

"ಇಲ್ಲ. ಆದರೆ ನಿಲ್ಲಿಸಿರ್ತೀನಿ. ಈಗ ನನ್ನ ನಿಲ್ಲಿಸು. ಅವರನ್ನ ಒಳಗೆ ಕರಿ."

ಅವನು ನಗಬಾರದೆಂದು ಬಹಳ ಪ್ರಯತ್ನಪಟ್ಟ. ನಾನೇನೂ ಹೊರಗೆ ನಿಲ್ಲಬೇಕಾಗಲಿಲ್ಲ. ಅವತ್ತೇ ಮಧ್ಯಾಹ್ನ ಕದರಯ್ಯ ಪಾರಾದೆ ಎಂಬ ಮುಖದಲ್ಲಿ ಮೂಟೆಯ ಕಡೆಗೆ ಹೋದ, ಸಿದ್ದಗಂಗಮ್ಮ ಕಲಸುವ ಕೋಣೆಗೆ ಬಂದರು. ಬಂದವರೇ ಮೊದಲು ಕಿಟಕಿಯ ಡಬ್ಬ ಒರೆಸಿಟ್ಟರು.

ಕೆಂಪು ಪುಡಿಯನ್ನು ಬಿಟ್ಟುಬಿಡೋಣ ಎಂದು ಸೋಮಶೇಖರ್ ಹೇಳಿದ್ದ. ಬೇಡ ಎಂದವರು ಅವರೇ. "ಮದ್ದಲ್ಲಿ ತಪ್ಪಿಲ್ಲ ಸಾರ್, ನಮ್ ಕೈಲಿತ್ತು" ಎಂದರು. ಹೆಚ್ಚಾದರೆ ಏನಾಗುತ್ತದೆ, ಎಷ್ಟಕ್ಕೆ ಏನಾಗುತ್ತದೆ ಎಂದು ಈ ಸಲ ಕೂತು ಕೇಳಿದರು, ನಾನು ಕೂತು ಹೇಳಿದೆ. ಫೋನು ನನ್ನ ಕೋಣೆಯಲ್ಲಿತ್ತು. ಎಲ್ಲ ಮುಗಿದ ಮೇಲೆ ಅವರು ಸ್ವಲ್ಪ ಸಂಕೋಚದಿಂದ, "ಎಲ್ಲಾ ಸರಿ ಸಾರ್. ಆದ್ರೆ ಕೊಸರು ಹಾಕ್ದೆ ಕೈ ಕೇಳಾಕಿಲ್ಲ. ಏನ್ ಮಾಡ್ಲಿ?" ಎಂದರು.

ಅವರಮ್ಮ ಕಲಿಸಿದ ಧರ್ಮವನ್ನು ಬಿಡಿ ಎನ್ನಲು ನಾನು ಯಾರು? ನನ್ನ ಕೋಣೆಗೆ ಹೋಗಿ ಬಿಳಿ ಹಾಳೆ ತೆಗೆದು, ಮೇವಿನ ಅಳತೆಯನ್ನೆಲ್ಲ ದಪ್ಪ ಕನ್ನಡ ಅಕ್ಷರದಲ್ಲಿ ಹೊಸದಾಗಿ ಬರೆದೆ. ಹಿಂಡಿ ಇಷ್ಟು, ಸೋಯಾ ಇಷ್ಟು, ಒಣಮೀನಿನ ಪುಡಿ ಇಷ್ಟು. ಕೆಂಪು ಪುಡಿ ಮೂವತ್ತು ಗ್ರಾಂ, ತೂಗಿದ ಕೂಡಲೇ ಮುಚ್ಚಳ ಹಾಕುವುದು. ಕೊನೆಯ ಸಾಲಿನಲ್ಲಿ: ಕೊಸರು, ತೌಡು ಮಾತ್ರ, ಒಂದು ಹಿಡಿ. ನನ್ನ ಜೀವಮಾನದಲ್ಲಿ "ಹಿಡಿ" ಎಂಬ ಅಳತೆಯನ್ನು ಕಾಗದದ ಮೇಲೆ ಬರೆದದ್ದು ಅದೊಂದೇ ಸಲ.

ಸಿದ್ದಗಂಗಮ್ಮ ಕನ್ನಡಕ ಹಾಕಿಕೊಂಡು, ಸಾಲಿನ ಕೆಳಗೆ ಬೆರಳಿಟ್ಟು, ಮೇಲಿಂದ ಕೆಳಗಿನವರೆಗೆ ನಿಧಾನವಾಗಿ ಓದಿದರು. ಕೊನೆಯ ಸಾಲಿಗೆ ಬಂದಾಗ ಮುಖ ಅರಳಿತು. ಗೋಡೆಗೆ ಅಂಟಿಸಲು ಹೊರಟವರು ಏನೋ ನೆನಪಾದವರ ಹಾಗೆ ತಿರುಗಿ ಬಂದು ಹಾಳೆಯನ್ನು ನನ್ನ ಮುಂದೆ ಇಟ್ಟರು. ಜೇಬಿನಲ್ಲಿದ್ದ ನನ್ನ ಪೆನ್ನಿನ ಕಡೆ ಕೈ ತೋರಿಸಿದರು.

"ಕೆಳಗಡೆ ನಿಮ್ ಸೈನ್ ಹಾಕ್ಬುಡಿ ಸಾರ್."

ನಾನು ಹಾಕಿದೆ. ತಾರೀಕನ್ನೂ ಬರೆದೆ.